ಶೂಗೆ ಕೂತರೆ ಸಾಕೇ? ಹಳೆಯ ಫ್ಲ್ಯಾಶ್ ಬಳಸುವ ಮುನ್ನ ತಿಳಿಯಬೇಕಾದ ಸಂಗತಿಗಳು

ಹೇಳಿಕೆ: ಹಳೆಯ ಫ್ಲ್ಯಾಶ್ ಕ್ಯಾಮೆರಾದ ತಲೆಯ ಮೇಲಿನ ಶೂಗೆ ಸರಿಯಾಗಿ ಕೂತರೆ ಸಾಕು, ಯಾವ ಕ್ಯಾಮೆರಾಗೆ ಬೇಕಾದರೂ ಬಳಸಬಹುದು.

ಸತ್ಯಾಂಶ: ಇದು ಅರ್ಧ ನಿಜ. ಪೂರ್ತಿ ನಂಬಿದರೆ ದುಬಾರಿ ಕ್ಯಾಮೆರಾ ಕೆಡಬಹುದು.

ಅಜ್ಜನ ಕಾಲದ ರೇಂಜ್‌ಫೈಂಡರ್ ಕ್ಯಾಮೆರಾಗಳನ್ನು ಈಗ ಮತ್ತೆ ಹಲವರು ಬಳಸುತ್ತಿದ್ದಾರೆ. ಕಿಂಡಿಯಲ್ಲಿ ಕಾಣುವ ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಮಾಡುವ ಕ್ಯಾಮೆರಾಗಳಿವು. ಇವುಗಳಿಗೆ ಫ್ಲ್ಯಾಶ್ ಹಾಕುವಾಗ ಮೂರು ವಿಷಯ ಗಮನಿಸಬೇಕು.

ವೋಲ್ಟೇಜ್ ಎಷ್ಟು?
ಕೆಲವು ಹಳೆಯ ಫ್ಲ್ಯಾಶ್‌ಗಳ ತಳದ ಲೋಹದ ಬಿಂದುವಿನಲ್ಲಿ 200 ವೋಲ್ಟ್‌ಗಿಂತ ಹೆಚ್ಚು ಇರುತ್ತದೆ. 1954ರ ಲೈಕಾ ಎಂ3ಯಂಥ ಯಾಂತ್ರಿಕ ಕ್ಯಾಮೆರಾದಲ್ಲಿ ಫ್ಲ್ಯಾಶ್ ಹೊತ್ತಿಸುವುದು ಬರೀ ಲೋಹದ ಸ್ವಿಚ್. ಅದು ಸಾಮಾನ್ಯವಾಗಿ ಇಷ್ಟನ್ನು ತಾಳಿಕೊಳ್ಳುತ್ತದೆ. ಡಿಜಿಟಲ್ ಕ್ಯಾಮೆರಾದ ಎಲೆಕ್ಟ್ರಾನಿಕ್ ಭಾಗಗಳು ತಾಳದೆ ಸುಟ್ಟುಹೋಗಬಹುದು. ಹಾಗಾಗಿ ಕ್ಯಾಮೆರಾದ ಕೈಪಿಡಿಯಲ್ಲಿ ಮಿತಿ ಎಷ್ಟೆಂದು ನೋಡಿ, ರಿಪೇರಿ ಮಾಡುವವರಿಂದ ಮಲ್ಟಿಮೀಟರ್‌ನಲ್ಲಿ ಫ್ಲ್ಯಾಶ್ ಅಳೆಸಿ. ಹೆಸರು ನೋಡಿ ತೀರ್ಮಾನಿಸಬೇಡಿ. ವಿವಿಟಾರ್ 283ರ ಹಳೆಯ ತಯಾರಿಕೆಗಳಲ್ಲಿ ಈ ವೋಲ್ಟೇಜ್ ಹೆಚ್ಚು, ನಂತರದವುಗಳಲ್ಲಿ ಬಹಳ ಕಡಿಮೆ.

ಫೋಟೋ ಅರ್ಧ ಕಪ್ಪಾಗಿದೆಯೇ?
ಕೂಡಲೇ ಕ್ಯಾಮೆರಾ ಕೆಟ್ಟಿದೆ ಎಂದುಕೊಳ್ಳಬೇಡಿ. ಲೈಕಾದಲ್ಲಿ ಫಿಲ್ಮ್ ಮುಂದೆ ಬಟ್ಟೆಯ ಎರಡು ಪರದೆಗಳು ಓಡುತ್ತವೆ. ವೇಗ ಹೆಚ್ಚಿಟ್ಟರೆ ಮೊದಲ ಪರದೆ ಪೂರ್ತಿ ಸರಿಯುವ ಮೊದಲೇ ಎರಡನೆಯದು ಹೊರಡುತ್ತದೆ. ಫ್ಲ್ಯಾಶ್ ಬೆಳಕು ಒಂದು ಕ್ಷಣ ಮಾತ್ರ ಇರುವುದರಿಂದ ಆಗ ತೆರೆದಿದ್ದ ಭಾಗಕ್ಕಷ್ಟೇ ಅದು ತಾಗುತ್ತದೆ. ಎಂ3ರಲ್ಲಿ ಎಲೆಕ್ಟ್ರಾನಿಕ್ ಫ್ಲ್ಯಾಶ್‌ಗೆ 1/50 ಸೆಕೆಂಡ್ ಅಥವಾ ಅದಕ್ಕಿಂತ ನಿಧಾನದ ವೇಗ ಇಡಬೇಕು. ಕ್ಯಾನನ್‌ನ ಕ್ಯಾನನೆಟ್ ಕ್ಯೂಎಲ್17ರಲ್ಲಿ ಶಟರ್ ಲೆನ್ಸ್ ಒಳಗೇ ಇದ್ದು ಪೂರ್ತಿ ತೆರೆದುಕೊಳ್ಳುತ್ತದೆ. ಅಲ್ಲಿ 1/500ರಲ್ಲೂ ಫ್ಲ್ಯಾಶ್ ಬಳಸಬಹುದು.

ಬ್ಯಾಟರಿ ತೆಗೆದರೆ ಅಪಾಯವಿಲ್ಲವೇ?
ಇದು ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ. ಫ್ಲ್ಯಾಶ್ ಒಳಗಿನ ಕೆಪಾಸಿಟರ್ ಸುಮಾರು 300 ವೋಲ್ಟ್‌ವರೆಗೆ ಚಾರ್ಜ್ ಆಗುತ್ತದೆ. ಬ್ಯಾಟರಿ ತೆಗೆದ ಮೇಲೂ ಆ ಚಾರ್ಜ್ ಬಹಳ ಹೊತ್ತು ಉಳಿಯಬಹುದು. ಎಎ ಬ್ಯಾಟರಿ 1.5 ವೋಲ್ಟ್ ತಾನೇ ಎಂದು ಬಿಚ್ಚಿ ಮುಟ್ಟಿದರೆ ಜೋರಾದ ಶಾಕ್ ಹೊಡೆಯುತ್ತದೆ, ಪ್ರಾಣಕ್ಕೂ ಅಪಾಯವಾಗಬಹುದು. ಯೂಟ್ಯೂಬ್ ವಿಡಿಯೋ ನೋಡಿಕೊಂಡು ಮನೆಯಲ್ಲಿ ಬಿಚ್ಚಬೇಡಿ, ಮಕ್ಕಳ ಕೈಗೆ ಆಟಕ್ಕೂ ಕೊಡಬೇಡಿ.

ಒಟ್ಟಾರೆ ಹೇಳುವುದಾದರೆ, ಶೂಗೆ ಕೂತ ಮಾತ್ರಕ್ಕೆ ಫ್ಲ್ಯಾಶ್ ಕ್ಯಾಮೆರಾಗೆ ಹೊಂದಿತು ಎಂದಲ್ಲ. ವೋಲ್ಟೇಜ್ ಅಳೆಸಿ, ಶಟರ್ ವೇಗ ಸರಿಯಿಡಿ, ಫ್ಲ್ಯಾಶ್ ಬಿಚ್ಚಬೇಡಿ. ಹಳೆಯ ಕ್ಯಾಮೆರಾ ಇಟ್ಟುಕೊಂಡಿರುವ ಗೆಳೆಯರಿದ್ದರೆ ಇಷ್ಟನ್ನು ಅವರಿಗೂ ಕಳಿಸಿ ಎಂದು ಕೋರುತ್ತೇವೆ.