ಕೆಳಗಿನಿಂದ ನೋಡಿದಾಗ

1980ರ ದಶಕದಲ್ಲಿ ಎಲೆಕ್ಟ್ರಾನಿಕ್ಸ್ ಹುಚ್ಚು ಹಿಡಿದ ನಮ್ಮಂಥ ಹುಡುಗರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯೇ ಕಾಶಿ. ಬಿಡಿಭಾಗಗಳು ಅಲ್ಲಿ ಧಾರಾಳವಾಗಿ ಸಿಗುತ್ತಿದ್ದವು. ಆದರೆ ಟ್ರಾನ್ಸಿಸ್ಟರಿನ ಮೂರು ಕಾಲುಗಳಲ್ಲಿ ಯಾವುದು ಯಾವುದೆಂದು ಹೇಳುವ ಕಾಗದ ಮಾತ್ರ ಸುಲಭಕ್ಕೆ ಸಿಗುತ್ತಿರಲಿಲ್ಲ. ಅದೆಲ್ಲ ಇರುತ್ತಿದ್ದುದು ಡೇಟಾಬುಕ್ಕಿನಲ್ಲಿ. ತಯಾರಕ ಕಂಪನಿಗಳು ಅದನ್ನು ಅಚ್ಚು ಹಾಕಿಸುತ್ತಿದ್ದುದು ಕಾರ್ಖಾನೆಗಳ ಎಂಜಿನಿಯರುಗಳಿಗಾಗಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1973ರಲ್ಲಿ ತಂದ ಟಿಟಿಎಲ್ ಡೇಟಾಬುಕ್ಕಿನ ಹೆಸರಿನಲ್ಲೇ ಅದು ವಿನ್ಯಾಸಕಾರರಿಗೆ ಎಂದಿತ್ತು. ಗೊತ್ತಿದ್ದವರು ಗೊತ್ತಿದ್ದವರಿಗಾಗಿ ಮಾಡಿದ ಪುಸ್ತಕಗಳು ಅವು. ನಮ್ಮ ಪಾಲಿಗೆ ಉಳಿದದ್ದು ಜೆರಾಕ್ಸ್.

1986ರಲ್ಲಿ ಊರಿನಲ್ಲಿ ನಮ್ಮ ಅಜ್ಜ ಹಾಸಿಗೆ ಹಿಡಿದಿದ್ದರು. ಸ್ವಿಚ್ಚು ಒತ್ತುವಷ್ಟೂ ಬೆರಳಿಗೆ ಬಲವಿರಲಿಲ್ಲ. ಎರಡು ತಂತಿಗಳನ್ನು ಮುಟ್ಟಿದರೆ ಸಾಕು, ಅಡುಗೆಮನೆಯಲ್ಲಿ ಬಜರ್ ಕೂಗಬೇಕು, ಅಂಥದೊಂದು ಕರೆಗಂಟೆ ಮಾಡಿಕೊಡುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದೆ. ಬೆರಳಿನ ಮೂಲಕ ಹರಿಯುವ ಅತ್ಯಲ್ಪ ವಿದ್ಯುತ್ತನ್ನು ಹಿಗ್ಗಿಸಲು ಎರಡು ಬಿಸಿ547 ಟ್ರಾನ್ಸಿಸ್ಟರು ಸಾಕು. ಹಿರಿಯ ಗೆಳೆಯನೊಬ್ಬನ ಡೇಟಾಬುಕ್ ಹೊತ್ತುಕೊಂಡು ಹೋಗಿ ಒಂದು ಪುಟದ ಪ್ರತಿ ಮಾಡಿಸಿದೆ. ದಪ್ಪ ಪುಸ್ತಕ ಗಾಜಿನ ಮೇಲೆ ಸಪಾಟಾಗಿ ಕೂರಲಿಲ್ಲ. ಹೊಲಿಗೆಯ ಕಡೆಯ ಅಂಚು ಕಪ್ಪಾಗಿ ಬಂತು. ಚಿತ್ರ ಮಾತ್ರ ಸ್ಪಷ್ಟವಾಗಿತ್ತು, ಅಷ್ಟೇ ಸಾಕೆಂದುಕೊಂಡೆ.

ಊರಿಗೆ ಹೋಗಿ ಚಿತ್ರದಲ್ಲಿದ್ದಂತೆಯೇ ಬೆಸುಗೆ ಹಾಕಿದೆ. ಬಜರ್ ತುಟಿ ಬಿಚ್ಚಲಿಲ್ಲ. ಬೇರೆ ಟ್ರಾನ್ಸಿಸ್ಟರು ಹಾಕಿದೆ, ಬ್ಯಾಟರಿ ಬದಲಿಸಿದೆ. ಅಜ್ಜ ಪಾಪ, ಹೇಳಿದಾಗಲೆಲ್ಲ ತಂತಿ ಮುಟ್ಟುತ್ತಿದ್ದರು. ಕೊನೆಗೆ, "ಇರಲಿ ಬಿಡೋ, ತಟ್ಟೆ ಬಡೀತೀನಿ" ಎಂದರು. ಮುಂದಿನ ಮಳೆಗಾಲಕ್ಕೆ ಅವರು ಇರಲಿಲ್ಲ.

ಎರಡು ವರ್ಷದ ಮೇಲೆ ಗ್ರಂಥಾಲಯವೊಂದರಲ್ಲಿ ಅದೇ ಪುಸ್ತಕ ಕೈಗೆ ಬಂತು. ಆ ಪುಟವನ್ನು ಅಗಲಿಸಿ ನೋಡಿದೆ. ಹೊಲಿಗೆಯ ಪಕ್ಕದಲ್ಲಿ, ಚಿತ್ರದ ಮಗ್ಗುಲಿಗೆ, ಸಣ್ಣ ಅಕ್ಷರಗಳಲ್ಲಿ ಎರಡೇ ಪದ: ಬಾಟಮ್ ವ್ಯೂ. ಕೆಳಗಿನಿಂದ ನೋಡಿದಾಗ ಕಾಣುವ ಚಿತ್ರವನ್ನು ನಾನು ಮೇಲಿನಿಂದ ಎಂದು ತಿಳಿದಿದ್ದೆ. ಎಮಿಟರ್, ಕಲೆಕ್ಟರ್ ಅದಲುಬದಲಾಗಿದ್ದವು. ಹಾಗೆ ತಿರುಗಿಸಿದರೆ ಟ್ರಾನ್ಸಿಸ್ಟರು ಸಾಯುವುದಿಲ್ಲ. ನೂರಾರು ಪಟ್ಟು ಹಿಗ್ಗಿಸಬೇಕಾದದ್ದು ಕೆಲವೇ ಪಟ್ಟು ಹಿಗ್ಗಿಸಿ ಸುಮ್ಮನಾಗುತ್ತದೆ.

ಈ ತಲೆಕೆಳಗಿನ ನೋಟಕ್ಕೂ ಒಂದು ಇತಿಹಾಸವಿದೆ. ವಾಲ್ವ್ ರೇಡಿಯೋ ಕಾಲದಲ್ಲಿ ವಾಲ್ವುಗಳು ತಗಡಿನ ಚಾಸಿಯ ಮೇಲೆ ಕೂರುತ್ತಿದ್ದವು, ತಂತಿ ಬೆಸೆಯುವವನು ಚಾಸಿಯನ್ನು ಮಗುಚಿ ಅಡಿಯಿಂದ ಕೆಲಸ ಮಾಡುತ್ತಿದ್ದ. ಆದ್ದರಿಂದ ಚಿತ್ರವನ್ನೂ ಅಡಿಯಿಂದ ಕಂಡಂತೆ ಬರೆದರು. ವಾಲ್ವು ಹೋಗಿ ಟ್ರಾನ್ಸಿಸ್ಟರು ಬಂದರೂ ಪದ್ಧತಿ ಉಳಿಯಿತು. ಆಮೇಲೆ ಬಂದ ಐಸಿಗಳ ಚಿತ್ರವನ್ನು ಮೇಲಿನಿಂದ ಕಂಡಂತೆ ಬರೆಯತೊಡಗಿದರು. ಒಂದೇ ಬೋರ್ಡಿನ ಮೇಲಿನ ಎರಡು ವಸ್ತುಗಳಿಗೆ ಎರಡು ದಿಕ್ಕಿನ ಚಿತ್ರ! ಕಾರ್ಖಾನೆಯವರಿಗೆ ಇದು ರೂಢಿ. ಪುಸ್ತಕ ನೋಡಿ ಕಲಿಯುವ ಹವ್ಯಾಸಿಗೆ ಯಾರು ಹೇಳಬೇಕು?

ಅಮೆರಿಕದಲ್ಲಿ ಫಾರೆಸ್ಟ್ ಮಿಮ್ಸ್ ಎಂಬಾತ ಈ ಕೆಲಸಕ್ಕೆ ಕೂತ. ರೇಡಿಯೋ ಶ್ಯಾಕ್ ಅಂಗಡಿಗಳಿಗಾಗಿ 1983ರಲ್ಲಿ ಆತ ಮಾಡಿಕೊಟ್ಟ ಪ್ರವೇಶಿಕೆಯಲ್ಲಿ ಅಕ್ಷರ, ಚಿತ್ರ ಎಲ್ಲವೂ ಕೈಬರಹವೇ. ಪಕ್ಕದಲ್ಲಿ ಕೂತು ಅಣ್ಣ ಹೇಳಿಕೊಟ್ಟಂತೆ ಇರುತ್ತದೆ.

1993ರಲ್ಲಿ ಪಿಡಿಎಫ್ ಬಂತು. ದಪ್ಪ ಡೇಟಾಬುಕ್ಕುಗಳು ಕ್ರಮೇಣ ಮರೆಯಾದವು. ಈಗ ಬೇಕಾದ ಪುಟ ಕ್ಷಣದಲ್ಲಿ ಫೋನಿಗೆ ಬರುತ್ತದೆ, ಹೊಲಿಗೆಯ ಕಪ್ಪು ನೆರಳಿಲ್ಲದೆ. ಆದರೂ ಬೆಸುಗೆಗೆ ಕೂರುವಾಗ ನಾನು ಅದನ್ನು ಕಾಗದದ ಮೇಲೆ ಅಚ್ಚು ಹಾಕಿಕೊಳ್ಳುತ್ತೇನೆ. ನೆರೆಮನೆಯ ಹುಡುಗರು ಕೇಳಿದರೆ ಅವರಿಗೂ ಒಂದು ಪ್ರತಿ ಕೊಡುತ್ತೇನೆ. ಕೊಡುವ ಮುಂಚೆ ಚಿತ್ರದ ಮೇಲೆ ಕೆಂಪು ಶಾಯಿಯಲ್ಲಿ, ಮೇಲಿನಿಂದಲೋ ಕೆಳಗಿನಿಂದಲೋ ಎಂಬುದನ್ನು ದಪ್ಪಕ್ಷರದಲ್ಲಿ ಬರೆದಿಡುತ್ತೇನೆ.