ಹೂಗಡಿಯಾರದ ಕಥೆ

ಹೊತ್ತನ್ನು ಅಳೆಯಲು ನಮ್ಮ ಹಿರಿಯರು ನೆರಳನ್ನು ನೆಚ್ಚಿದರು, ಗಳಿಗೆ ಬಟ್ಟಲಿನ ನೀರನ್ನು ನೆಚ್ಚಿದರು. ಹೂವನ್ನು ನೆಚ್ಚಿದವರೂ ಉಂಟು. ಹಿತ್ತಿಲಿನ ಸಂಜೆಮಲ್ಲಿಗೆ ಅರಳಿದ್ದನ್ನು ಕಂಡು ದೀಪ ಹಚ್ಚುವ ಹೊತ್ತು ಹತ್ತಿರವಾಯಿತೆಂದು ತಿಳಿಯುವ ಗೃಹಿಣಿಗೆ ಇದು ಹೊಸ ಮಾತಲ್ಲ. ಈ ತಿಳಿವಳಿಕೆಯನ್ನೇ ಶಾಸ್ತ್ರವಾಗಿ ಬೆಳೆಸಿದವನು ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್. ಯಾವ ಹೂವು ಎಷ್ಟು ಗಂಟೆಗೆ ಅರಳುತ್ತದೆ, ಎಷ್ಟು ಗಂಟೆಗೆ ಮುಚ್ಚುತ್ತದೆ ಎಂಬುದನ್ನು ಅವನು 1751ರ ತನ್ನ ಗ್ರಂಥದಲ್ಲಿ ಪಟ್ಟಿಮಾಡಿದನು. ಅಲ್ಲಿ ಹೊತ್ತನ್ನು ಹೇಳುವುದು ಹೂವೇ, ಯಂತ್ರಕ್ಕೆ ಕೆಲಸವಿಲ್ಲ.

ಉದ್ಯಾನಗಳಲ್ಲಿ ಇಂದು ನಾವು ಕಾಣುವ ಹೂಗಡಿಯಾರದ ವಂಶವೇ ಬೇರೆ. ಅದರಲ್ಲಿ ಹೊತ್ತನ್ನು ಹೇಳುವುದು ಯಂತ್ರ. ಹೂವು ಅದಕ್ಕೆ ಉಡುಗೆ ಮಾತ್ರ. ಈ ವಂಶದ ಹಿರಿಯನೆಂದು ಹೆಸರಾದುದು ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದ ಪ್ರಿನ್ಸೆಸ್ ಸ್ಟ್ರೀಟ್ ಉದ್ಯಾನದ ಗಡಿಯಾರ. 1903ರಲ್ಲಿ ನಗರದ ಉದ್ಯಾನಗಳ ಮೇಲ್ವಿಚಾರಕ ಜಾನ್ ಮ್ಯಾಕ್‌ಹ್ಯಾಟಿಯ ಕಲ್ಪನೆಯಂತೆ ಜೇಮ್ಸ್ ರಿಚ್ಚಿ ಮತ್ತು ಮಗ ಎಂಬ ಗಡಿಯಾರದ ಸಂಸ್ಥೆ ಇದನ್ನು ಅಣಿಗೊಳಿಸಿತು. ಇಳಿಜಾರು ನೆಲದ ಮೇಲೆ ಸುಮಾರು 12 ಅಡಿ ಅಗಲದ ಮುಖ. ಮೊದಲ ವರ್ಷ ಇದ್ದದ್ದು ಗಂಟೆಯ ಮುಳ್ಳೊಂದೇ. ನಿಮಿಷದ ಮುಳ್ಳು ಬಂದದ್ದು 1904ರಲ್ಲಿ. ಯಂತ್ರವಾದರೋ ಹೊಸದಲ್ಲ, ಈಲಿ ಎಂಬ ಊರಿನ ಇಗರ್ಜಿಯಿಂದ ತಂದ ಹಳೆಯದು. ಅದು 1936ರ ತನಕ ದುಡಿಯಿತು. 1973ರಲ್ಲಿ ವಿದ್ಯುತ್ತು ಬರುವವರೆಗೂ ಗಡಿಯಾರಕ್ಕೆ ದಿನವೂ ಕೀಲಿ ಕೊಡಬೇಕಾಗಿತ್ತು.

ಇಲ್ಲೊಂದು ವಿರೋಧವನ್ನು ಓದುಗರು ಗಮನಿಸಬೇಕು. ಗಡಿಯಾರದ ಮುಖ ಬದಲಾಗಬಾರದು. ಗಿಡವೋ ಬೆಳೆಯದೆ ಇರಲಾರದು. ಎಡಿನ್‌ಬರೊದಲ್ಲಿ ಮುಳ್ಳುಗಳ ಒಳಗೂ ಗಿಡ ನೆಡುತ್ತಾರೆ. ಹಾಗೆ ತುಂಬಿದ ನಿಮಿಷದ ಮುಳ್ಳು ಸುಮಾರು 80 ಪೌಂಡು ತೂಗುತ್ತದೆ. ಆದ್ದರಿಂದಲೇ ನೆಲಕ್ಕೆ ಅಂಟಿ ಬೆಳೆಯುವ ಕುಳ್ಳ ಗಿಡಗಳ ಆಯ್ಕೆ. ಆದ್ದರಿಂದಲೇ ತಪ್ಪದೆ ನಡೆಯಬೇಕಾದ ಕತ್ತರಿಯ ಕೆಲಸ. 1946ರಿಂದ ಈಚೆಗೆ ಯಾವುದಾದರೊಂದು ಸಂಸ್ಥೆಯ ಅಥವಾ ಘಟನೆಯ ಸ್ಮರಣೆಗಾಗಿ ವರ್ಷವರ್ಷವೂ ಹೊಸ ಚಿತ್ರವನ್ನು ನೆಡುವ ವಾಡಿಕೆ ಬೆಳೆದಿದೆ. ಎಂದರೆ, ಯಂತ್ರವನ್ನು ಒಮ್ಮೆ ಕೂಡಿಸಿದರೆ ಸಾಕು. ಗಡಿಯಾರವನ್ನು ಮಾತ್ರ ಪ್ರತಿ ವರ್ಷವೂ ಮತ್ತೆ ಕಟ್ಟಬೇಕು.

ಈ ವಂಶದ ಕುಡಿಯೊಂದು ನಮ್ಮ ನಾಡಿಗೂ ಬಂದಿತು. 1760ರಲ್ಲಿ ಹೈದರಾಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗಿಗೆ 1983ರಲ್ಲಿ ಹೂಗಡಿಯಾರವನ್ನು ಕೊಟ್ಟದ್ದು ಎಚ್‌ಎಂಟಿ. ಕನ್ನಡನಾಡಿನಲ್ಲಿ ಎಷ್ಟೋ ಮದುವೆಯ ಗಂಡುಗಳ ಕೈಗೆ ಗಡಿಯಾರ ಕಟ್ಟಿದ ಸಂಸ್ಥೆಯದು. ಅದರ ಕೈಗಡಿಯಾರದ ಉದ್ಯಮವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆಯಿತ್ತಿತು.

ಹೀಗಿರುವಾಗ ಹೂಗಡಿಯಾರ ಯಾರದು? ಫಲಕದ ಮೇಲೆ ದಾನಿಯ ಹೆಸರಿರುತ್ತದೆ, ಚರಿತ್ರೆಯಲ್ಲಿ ಮ್ಯಾಕ್‌ಹ್ಯಾಟಿಯ ಹೆಸರಿದೆ, ಇವೆರಡೂ ನ್ಯಾಯವೇ. ಆದರೆ ಮುಳ್ಳು ನಿಂತರೂ ಹೂವಿನ ಮಡಿಯಾಗಿ ಅದು ಉಳಿದೀತು; ಮಾಲಿಯ ಕೈ ನಿಂತರೆ ಒಂದು ಮಳೆಗಾಲದೊಳಗೆ ಅಂಕಿಗಳನ್ನು ಕಳೆ ಮುಚ್ಚೀತು. ಅಲ್ಲಿ ನಿಂತು ಹೊತ್ತು ನೋಡುವವರು ಆ ಹೆಸರಿಲ್ಲದ ಮಾಲಿಯನ್ನೂ ನೆನೆಯುವುದು ಉಚಿತ.