ಗಾಲ್ಫ್ ಗ್ರೀನ್: ನಿರ್ವಹಣೆ ಮತ್ತು ನವೀಕರಣ

ಗಾಲ್ಫ್ ಮೈದಾನದಲ್ಲಿ ಕುಳಿಯ ಸುತ್ತ ಇರುವ, ಚೆಂಡನ್ನು ನೆಲದ ಮೇಲೆಯೇ ಉರುಳಿಸಿ (ಪಟ್ ಮಾಡಿ) ಆಡುವ ನುಣುಪಾದ ಹುಲ್ಲುಹಾಸಿಗೆ ಗ್ರೀನ್ ಎಂದು ಹೆಸರು. ಹದಿನೆಂಟು ಕುಳಿಗಳ ಮೈದಾನ ನೂರು, ನೂರೈವತ್ತು ಎಕರೆ ಹರಡಿಕೊಂಡಿದ್ದರೂ ಅದರ ಗ್ರೀನ್‌ಗಳನ್ನೆಲ್ಲ ಸೇರಿಸಿದರೆ ಎರಡೂವರೆ, ಮೂರು ಎಕರೆ ಆದೀತು. ಆದರೆ ಇಡೀ ಸುತ್ತಿಗೆ ನಿಗದಿಯಾದ ಹೊಡೆತಗಳು, ಅಂದರೆ ಪಾರ್, 72 ಎಂಬ ಲೆಕ್ಕದಲ್ಲಿ ಅರ್ಧಕ್ಕರ್ಧ, ಅಂದರೆ 36 ಹೊಡೆತಗಳು, ಈ ಮೂರು ಎಕರೆಗೇ ಮೀಸಲು. ಮೈದಾನದ ಸಿಬ್ಬಂದಿಯ ಬೆಳಗಿನ ಹೊತ್ತು, ಕ್ಲಬ್ಬಿನ ದುಡ್ಡು, ಸದಸ್ಯರ ದೂರು ಎಲ್ಲದರಲ್ಲೂ ದೊಡ್ಡ ಪಾಲು ಇಲ್ಲಿಗೇ ಸಲ್ಲುತ್ತದೆ.

ಮನೆಯಂಗಳದ ಹುಲ್ಲನ್ನು ಎರಡು ಮೂರು ಸೆಂಟಿಮೀಟರಿಗಿಂತ ಗಿಡ್ಡ ಮಾಡುವವರು ಕಡಿಮೆ. ಆಟ ಶುರುವಾಗುವ ಜಾಗಕ್ಕೂ ಗ್ರೀನಿಗೂ ನಡುವಿನ ಹಾದಿಯಾದ ಫೇರ್‌ವೇಯ ಹುಲ್ಲು 10ರಿಂದ 13 ಮಿಲಿಮೀಟರ್ ಇರುತ್ತದೆ. ಗ್ರೀನಿನ ಹುಲ್ಲು ಇರುವುದು ಸುಮಾರು 3 ಮಿಲಿಮೀಟರ್! ಎಲೆ ಕಡಿಮೆಯಾದಂತೆ ಹುಲ್ಲು ತನಗಾಗಿ ತಯಾರಿಸಿಕೊಳ್ಳುವ ಆಹಾರವೂ ಕಡಿಮೆಯಾಗುತ್ತದೆ, ಬೇರು ಮೇಲಕ್ಕೆ ಸರಿಯುತ್ತದೆ. ಬೇರು ಗಿಡ್ಡವಾದ ಹುಲ್ಲಿಗೆ ಒಂದು ಮಧ್ಯಾಹ್ನದ ಬಿಸಿಲು, ಒಂದು ದಿನ ತಪ್ಪಿದ ನೀರು, ಸಣ್ಣದೊಂದು ಶಿಲೀಂಧ್ರ ಕೂಡ ಪ್ರಾಣಸಂಕಟ. ಸಾವಿನ ಅಂಚಿನಲ್ಲಿ ನಿಲ್ಲಿಸಿದ ಹುಲ್ಲನ್ನು ಆ ಕಡೆ ಜಾರದಂತೆ ಹಿಡಿದಿಡುವುದೇ ಗ್ರೀನ್ ನಿರ್ವಹಣೆ.

ಆಟ ಹುಟ್ಟಿದ ಸ್ಕಾಟ್ಲೆಂಡಿನ ಕಡಲಂಚಿನಲ್ಲಿ ಇಂಥ ಪೀಕಲಾಟವಿರಲಿಲ್ಲ. ಮರಳುಭೂಮಿಯ ಮೇಲೆ ತಾನಾಗಿ ಬೆಳೆದ ಫೆಸ್ಕ್ಯೂ ಮತ್ತು ಬೆಂಟ್ ಹುಲ್ಲನ್ನು ಕುರಿ, ಮೊಲಗಳು ಮೇಯುತ್ತಿದ್ದವು; ಉಳಿದದ್ದನ್ನು ಕುಡುಗೋಲು ನೋಡಿಕೊಳ್ಳುತ್ತಿತ್ತು. ಇಂಗ್ಲೆಂಡಿನ ಎಡ್ವಿನ್ ಬಡಿಂಗ್ 1830ರಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಬಟ್ಟೆ ಗಿರಣಿಯಲ್ಲಿ ಉಣ್ಣೆಬಟ್ಟೆಯ ಜುಂಗನ್ನು ಸವರುವ ಯಂತ್ರ ಅವನಿಗೆ ಈ ಉಪಾಯ ಹೊಳೆಸಿತಂತೆ. ಸಿಲಿಂಡರಿಗೆ ಸುತ್ತಿದ ಅಲಗುಗಳು ತಿರುಗುತ್ತ, ಕೆಳಗಿನ ಸ್ಥಿರ ಅಲಗಿಗೆ ಹುಲ್ಲನ್ನು ಒತ್ತಿ ಕತ್ತರಿಯಂತೆ ಸವರುವ ಆ ಕ್ರಮವೇ ಇಂದಿನ ಗ್ರೀನ್ ಮೊವರ್‌ನಲ್ಲೂ ಇದೆ. ಮೊಂಡಾದ ಅಲಗು ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಹರಿದ ತುದಿ ಒಣಗಿ ಬಿಳಿಚಿಕೊಳ್ಳುತ್ತದೆ, ರೋಗಕ್ಕೂ ದಾರಿಯಾಗುತ್ತದೆ.

ಮರಳಿನ ಮಹಿಮೆ ಗೊತ್ತಾದದ್ದು ಆಕಸ್ಮಿಕವಾಗಿ ಎಂಬ ಕಥೆಯಿದೆ. ಪ್ರೆಸ್ಟ್‌ವಿಕ್‌ನಲ್ಲಿ ಮೈದಾನ ನೋಡಿಕೊಳ್ಳುತ್ತಿದ್ದ ಓಲ್ಡ್ ಟಾಮ್ ಮಾರಿಸ್‌ನ ತಳ್ಳುಗಾಡಿ ಒಮ್ಮೆ ಗ್ರೀನಿನ ಮೇಲೆ ಮಗುಚಿ ಮರಳು ಚೆಲ್ಲಿತಂತೆ. ಕೆಲ ದಿನಗಳಲ್ಲಿ ಅಲ್ಲಿನ ಹುಲ್ಲು ಉಳಿದ ಕಡೆಗಿಂತ ಚೆನ್ನಾಗಿ ಬಂತಂತೆ. ಕಥೆ ನಿಜವಿರಲಿ ಬಿಡಲಿ, ಆತ ಸೇಂಟ್ ಆಂಡ್ರೂಸ್‌ಗೆ ಬಂದ ಮೇಲೂ ಗ್ರೀನಿಗೆ ಮರಳು ಎರಚುವುದನ್ನು ಬಿಡಲಿಲ್ಲ. ಟಾಪ್ ಡ್ರೆಸ್ಸಿಂಗ್ ಎಂದು ಕರೆಯುವ ಆ ಕೆಲಸವನ್ನು ಬಿಟ್ಟು ಇಂದು ಯಾವ ಮೈದಾನವೂ ನಡೆಯದು.

ಗ್ರೀನಿನ ಹುಲ್ಲು ಇಷ್ಟು ಗಿಡ್ಡವಾದದ್ದಕ್ಕೆ ಒಂದು ಮಾಪನವೂ ಕಾರಣ. 1935ರ ಯು.ಎಸ್. ಓಪನ್ ಪಂದ್ಯಾವಳಿ ಪಿಟ್ಸ್‌ಬರ್ಗ್ ಬಳಿಯ ಓಕ್‌ಮಾಂಟ್‌ನಲ್ಲಿ ನಡೆದಾಗ, ಜೀನ್ ಸರಜೆನ್‌ನಂಥ ದಿಗ್ಗಜ ಪಟ್ ಮಾಡಿದ ಚೆಂಡು ಗ್ರೀನ್ ದಾಟಿ ಉರುಳಿಹೋಯಿತು. ನೋಡುತ್ತಿದ್ದ ಹವ್ಯಾಸಿ ಆಟಗಾರ ಎಡ್ವರ್ಡ್ ಸ್ಟಿಂಪ್ಸನ್, ಗ್ರೀನಿನ ವೇಗವನ್ನು ಅಳೆಯಲು ಸರಳವಾದೊಂದು ಮರದ ಜಾರುಪಟ್ಟಿ ಮಾಡಿದ. ಅಮೆರಿಕದ ಗಾಲ್ಫ್ ಸಂಸ್ಥೆ ಯು.ಎಸ್.ಜಿ.ಎ. 1970ರ ದಶಕದಲ್ಲಿ ಅದನ್ನು 36 ಇಂಚಿನ ಅಲ್ಯೂಮಿನಿಯಂ ಪಟ್ಟಿಯಾಗಿ ತಿದ್ದಿ, 1978ರಿಂದ ಮೈದಾನಗಳಿಗೆ ಕೊಟ್ಟಿತು. ಪಟ್ಟಿಯ ಗುಳಿಯಲ್ಲಿ ಚೆಂಡಿಟ್ಟು ಮೆಲ್ಲಗೆ ಎತ್ತಬೇಕು. ಸುಮಾರು 20 ಡಿಗ್ರಿ ಓರೆಯಾದಾಗ ಚೆಂಡು ತಾನೇ ಜಾರುತ್ತದೆ. ಎಷ್ಟು ಅಡಿ ಉರುಳಿತೋ ಅದೇ ಗ್ರೀನಿನ ವೇಗ. ಆ ದಶಕದ ಸಮೀಕ್ಷೆಯಲ್ಲಿ ಅಮೆರಿಕದ ಗ್ರೀನ್‌ಗಳ ಸರಾಸರಿ ಆರೂವರೆ ಅಡಿ. ಈಗ ಸಾಧಾರಣ ಕ್ಲಬ್ಬಿನ ಸದಸ್ಯನೂ ಹತ್ತಕ್ಕಿಂತ ಕಡಿಮೆಯಾದರೆ ಮುಖ ಸಿಂಡರಿಸುತ್ತಾನೆ. ಒಂದೇ ಮೈದಾನದ ಗ್ರೀನ್‌ಗಳು ಒಂದೇ ಸಮ ಇರಲಿ ಎಂದು ಬಂದ ಉಪಕರಣ, ಕ್ಲಬ್ಬು ಕ್ಲಬ್ಬುಗಳ ನಡುವಿನ ಪೈಪೋಟಿಯ ಅಂಕಪಟ್ಟಿಯಾಯಿತು.

ಪೈಪೋಟಿ ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ ನ್ಯೂಯಾರ್ಕ್ ಬಳಿಯ ಶಿನೆಕಾಕ್ ಹಿಲ್ಸ್ ಸಾಕ್ಷಿ. 2004ರ ಯು.ಎಸ್. ಓಪನ್‌ನ ಕೊನೆಯ ದಿನ ಗಾಳಿ, ಬಿಸಿಲಿಗೆ ಅಲ್ಲಿನ ಏಳನೇ ಗ್ರೀನ್ ಎಷ್ಟು ಒಣಗಿತ್ತೆಂದರೆ, ಚೆಂಡು ಅದರ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಆಟ ನಡೆಯುತ್ತಿರುವಾಗಲೇ, ಒಂದು ತಂಡಕ್ಕೂ ಇನ್ನೊಂದಕ್ಕೂ ನಡುವೆ, ನೀರು ಚಿಮುಕಿಸಿ ಪರಿಸ್ಥಿತಿ ನಿಭಾಯಿಸಬೇಕಾಯಿತು. ನೀರು ಬೀಳುವ ಮುಂಚೆ ಆಡಿದವರ ಪಾಡು ಬೇರೆ, ಬಿದ್ದ ಮೇಲೆ ಆಡಿದವರದು ಬೇರೆ.

ವೇಗ ಹೆಚ್ಚಿಸಲು ಅಲಗನ್ನು ಇನ್ನಷ್ಟು ತಗ್ಗಿಸುವುದೊಂದೇ ದಾರಿಯಲ್ಲ. ಹಗುರ ರೋಲರ್ ಓಡಿಸಬಹುದು. ಹುಲ್ಲು ಮೇಲೆ ಬೆಳೆಯುವುದನ್ನು ನಿಧಾನಿಸುವ ಟ್ರೈನೆಕ್ಸಪ್ಯಾಕ್-ಈಥೈಲ್‌ನಂಥ ರಾಸಾಯನಿಕ ಸಿಂಪಡಿಸಬಹುದು. ಸಾರಜನಕವನ್ನು ಒಮ್ಮೆಲೇ ಸುರಿಯದೆ ವಾರ, ಹದಿನೈದು ದಿನಕ್ಕೊಮ್ಮೆ ಚೂರುಚೂರೇ ಕೊಡಬಹುದು. ರೋಲರ್ ಓಡಿಸಿದರೆ ನೆಲ ಗಟ್ಟಿಯಾಗಿ ಹುಲ್ಲು ಕೆಡುತ್ತದೆ ಎಂಬ ಭಯ ಬಹುಕಾಲ ಇತ್ತು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗಗಳು ಇದಕ್ಕೆ ವ್ಯತಿರಿಕ್ತವಾದುದನ್ನು ತೋರಿಸಿದವು: ಮರಳಿನ ಗ್ರೀನಿನ ಮೇಲೆ ನಿಯಮಿತವಾಗಿ ರೋಲರ್ ಓಡಿಸಿದಾಗ ಡಾಲರ್ ಸ್ಪಾಟ್ ಎಂಬ ರೋಗ ಕಡಿಮೆಯಾಯಿತು. ನಾಣ್ಯದಗಲದ ಒಣ ಮಚ್ಚೆ ಮೂಡಿಸುವ ಈ ಶಿಲೀಂಧ್ರ ರೋಗಕ್ಕೆ ಇಬ್ಬನಿ ಬಲು ಇಷ್ಟ. ಹಾಗಾಗಿಯೇ ಹಿಂದಿನಿಂದಲೂ ಮಾಲಿಗಳು ಬೆಳಿಗ್ಗೆ ಉದ್ದನೆಯ ಬಿದಿರುಗಳದಿಂದ ಗ್ರೀನನ್ನು ಸವರಿ ಇಬ್ಬನಿ ಕೊಡವುತ್ತ ಬಂದದ್ದು; ಅಗ್ಗದ ಕೆಲಸ, ಔಷಧಿಯ ಖರ್ಚೂ ಉಳಿತಾಯ.

ಮೊವರ್ ಓಡಿಸುವುದಕ್ಕೂ ಕ್ರಮವಿದೆ. ದಿನವೂ ಒಂದೇ ದಿಕ್ಕಿಗೆ ಕತ್ತರಿಸಿದರೆ ಹುಲ್ಲು ಆ ಕಡೆಗೇ ಮಲಗಿ ಚೆಂಡಿನ ದಾರಿ ತಪ್ಪಿಸುತ್ತದೆ, ಅದಕ್ಕೆ ದಿಕ್ಕು ಬದಲಿಸುತ್ತಾರೆ. ಅಂಚಿನ ಸುತ್ತು ಮಾತ್ರ ಯಾವಾಗಲೂ ಅದೇ ಜಾಡಿನಲ್ಲಿ ಬರುವುದರಿಂದ ಅಲ್ಲಿ ಮೊದಲು ಸವೆತ ಕಾಣುತ್ತದೆ. ಜಾಣ ಸಿಬ್ಬಂದಿ ನಡುನಡುವೆ ಆ ಸುತ್ತನ್ನು ಕೈಬಿಡುತ್ತಾರೆ. ಕುಳಿಯನ್ನೂ ಆಗಾಗ, ಆಟ ಹೆಚ್ಚಿದ್ದರೆ ದಿನವೂ, ಸ್ಥಳಾಂತರಿಸಬೇಕು. ಅದರ ಅಗಲ ಮಾತ್ರ 1891ರಿಂದಲೂ ನಾಲ್ಕೂಕಾಲು ಇಂಚು.

ಆದರೆ ಗ್ರೀನಿನ ಆಯುಷ್ಯ ತೀರ್ಮಾನವಾಗುವುದು ನೆಲದ ಕೆಳಗೆ. ಹಳೆಯ ಗ್ರೀನ್‌ಗಳನ್ನು ಅಲ್ಲಿನ ಮಣ್ಣನ್ನೇ ಗುಡ್ಡೆ ಮಾಡಿ ಕಟ್ಟುತ್ತಿದ್ದರು. ಜೇಡಿಯ ಅಂಶವಿರುವ ಮಣ್ಣಿನ ಮೇಲೆ ದಿನಕ್ಕೆ ನೂರಾರು ಜನ ಓಡಾಡಿದರೆ ಅದು ಬಿಗಿದುಕೊಂಡು ನೀರಿಗೂ ಗಾಳಿಗೂ ಜಾಗ ಇಲ್ಲದಂತಾಗುತ್ತದೆ. ಯು.ಎಸ್.ಜಿ.ಎ. 1960ರಲ್ಲಿ ಪ್ರಕಟಿಸಿದ ನಿರ್ಮಾಣ ಕ್ರಮ ಈ ತೊಂದರೆಗೆ ಉತ್ತರವಾಗಿ ಬಂತು. ತಳದಲ್ಲಿ ತೂತಿನ ಪೈಪುಗಳ ಜಾಲ, ಅದರ ಮೇಲೆ 4 ಇಂಚು ಸಣ್ಣ ಜಲ್ಲಿ, ಅದರ ಮೇಲೆ 12 ಇಂಚು ಆಯ್ದ ಮರಳಿನ ಮಿಶ್ರಣ. ಮರಳಿನ ಸಣ್ಣ ರಂಧ್ರಗಳಲ್ಲಿ ಹಿಡಿದು ನಿಂತ ನೀರು, ಕೆಳಗಿನ ಜಲ್ಲಿಯ ದೊಡ್ಡ ಸಂದುಗಳಿಗೆ ಸುಲಭವಾಗಿ ಇಳಿಯುವುದಿಲ್ಲ. ಮರಳಿನ ತಳಭಾಗ ಪೂರ್ತಿ ತುಂಬಿದ ಮೇಲಷ್ಟೇ ಇಳಿಯುತ್ತದೆ. ಹೀಗಾಗಿ ಸಾಧಾರಣ ದಿನಗಳಲ್ಲಿ ಬೇರಿಗೆ ತೇವ ಉಳಿಯುತ್ತದೆ, ಜಡಿಮಳೆ ಬಂದರೆ ಹೆಚ್ಚಿನ ನೀರು ಸರಾಗ ಹರಿದುಹೋಗುತ್ತದೆ. ಒಂದೇ ರಚನೆಯಿಂದ ಎರಡೂ ಕೆಲಸ. ಗಾಲ್ಫ್ ಹುಲ್ಲಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಬುದ್ಧಿವಂತಿಕೆ ಇನ್ನೊಂದಿಲ್ಲ ಎಂದರೆ ತಪ್ಪಾಗದು. ಅಮೆರಿಕದ ಆಗಸ್ಟಾ ನ್ಯಾಷನಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇದೇ ಪೈಪುಗಳ ಮೂಲಕ ಕೆಳಗಿನಿಂದ ತೇವ ಹೀರುವ, ಬೇಕೆಂದಾಗ ಗಾಳಿ ಊದುವ ಸಬ್‌ಏರ್ ಯಂತ್ರವನ್ನು ಅಳವಡಿಸಿಕೊಂಡಿತು.

ಎಷ್ಟೇ ಚೆನ್ನಾಗಿ ಕಟ್ಟಿದರೂ ಹುಲ್ಲಿನ ಸತ್ತ ಕಾಂಡ, ಬೇರುಗಳು ಮೇಲ್ಪದರದಲ್ಲಿ ಸೇರುತ್ತಲೇ ಇರುತ್ತವೆ. ಥ್ಯಾಚ್ ಎಂಬ ಈ ಪದರ ಅರ್ಧ ಇಂಚು ಮೀರಿದರೆ ನೀರು ಕೆಳಗಿಳಿಯದೆ ಅಲ್ಲೇ ನಿಂತು, ನೆಲ ಮೆತ್ತಗಾಗಿ, ಬೇರು ಅಲ್ಲೇ ಸುತ್ತಾಡುತ್ತದೆ. ಪರಿಹಾರ ಸರಳ, ಆದರೆ ಯಾರಿಗೂ ಪ್ರಿಯವಲ್ಲ: ಟೊಳ್ಳು ಮೊಳೆಗಳ ಯಂತ್ರದಿಂದ ಗ್ರೀನಿನ ತುಂಬ ತೂತು ಕೊರೆದು, ಮಣ್ಣಿನ ಕಡ್ಡಿಗಳನ್ನು ಎತ್ತಿ, ಮರಳು ತುಂಬುವುದು. ಅರ್ಧ ಇಂಚಿನ ಮೊಳೆಗಳನ್ನು ಎರಡೆರಡು ಇಂಚಿಗೆ ಇಳಿಸಿದರೂ ಒಂದು ಸಲಕ್ಕೆ ತಾಗುವುದು ಮೇಲ್ಮೈಯ ನೂರರಲ್ಲಿ ಐದು ಪಾಲು ಮಾತ್ರ. ವರ್ಷಕ್ಕೆ ಹದಿನೈದು, ಇಪ್ಪತ್ತು ಪಾಲಾದರೂ ಆಗಬೇಕು ಎಂಬುದು ಹಳೆಯ ಸಲಹೆ. ಅಂದರೆ ಒಂದಕ್ಕಿಂತ ಹೆಚ್ಚು ಸಲ, ಅದೂ ಹುಲ್ಲು ಹುರುಪಾಗಿ ಬೆಳೆಯುವ ಕಾಲದಲ್ಲೇ. ಅದೇ ಕಾಲದಲ್ಲಿ ಸದಸ್ಯರಿಗೂ ಆಟದ ಹುರುಪು ಇರುವುದರಿಂದ ತಕರಾರು ತಪ್ಪಿದ್ದಲ್ಲ. ಪಂದ್ಯಾವಳಿಯ ನೆಪದಲ್ಲಿ ಈ ಕೆಲಸವನ್ನು ವರ್ಷ ವರ್ಷ ಮುಂದೂಡುವ ಸಮಿತಿಗಳು ಕೊನೆಗೆ ಇಡೀ ಗ್ರೀನನ್ನೇ ಅಗೆಸುವ ಬಿಲ್ಲಿಗೆ ಸಹಿ ಹಾಕುತ್ತವೆ.

ಹುಲ್ಲಿನ ಆಯ್ಕೆ ಹವೆಯನ್ನು ಅವಲಂಬಿಸಿದೆ. ತಂಪು ನಾಡುಗಳಲ್ಲಿ ಬೆಂಟ್ ಹುಲ್ಲು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಿಂದ 1950ರ ದಶಕದಲ್ಲಿ ಬಂದ ಪೆನ್‌ಕ್ರಾಸ್ ತಳಿ ಜಗತ್ತಿನಾದ್ಯಂತ ಹರಡಿತು. ಬಿಸಿಲ ನಾಡುಗಳಲ್ಲಿ ಬರ್ಮುಡಾ. ಹೆಸರು ಪರದೇಶದ್ದಾದರೂ ಹುಲ್ಲು ಕನ್ನಡಿಗರಿಗೆ ಹೊಸತಲ್ಲ: ಗಣೇಶನ ಪೂಜೆಗೆ ಕೊಯ್ದು ತರುವ ಗರಿಕೆಯೇ ಅದು. ಈ ಗರಿಕೆಯನ್ನು ಆಫ್ರಿಕಾದ ಇನ್ನೊಂದು ಸಣ್ಣೆಲೆಯ ಪ್ರಭೇದದೊಂದಿಗೆ ಕೂಡಿಸಿ ಜಾರ್ಜಿಯಾದ ಟಿಫ್ಟನ್‌ನಲ್ಲಿ ಗ್ಲೆನ್ ಬರ್ಟನ್ ಎಂಬ ವಿಜ್ಞಾನಿ ಟಿಫ್‌ಗ್ರೀನ್, ಟಿಫ್‌ಡ್ವಾರ್ಫ್ ತಳಿಗಳನ್ನು ಹೊರತಂದ. ಅಲ್ಲಿಂದಲೇ ಮುಂದೆ ಟಿಫ್‌ಈಗಲ್ ಬಂತು. ಇವಕ್ಕೆ ಬೀಜವಿಲ್ಲ; ಕುಡಿಗಳನ್ನು ಕತ್ತರಿಸಿ ಹರಡಿ ಬೆಳೆಸಬೇಕು. ಬಿಸಿಲು ಸಮೃದ್ಧವಾಗಿರಬೇಕು, ನೆರಳಾದರೆ ಬಡವಾಗುತ್ತವೆ. ಉಪ್ಪುನೀರಿನ ಕರಾವಳಿಗೆ ಪ್ಯಾಸ್ಪಾಲಂ ಹುಲ್ಲು ಹೆಚ್ಚು ಒಗ್ಗುತ್ತದೆ.

ಹುಲ್ಲು ನೆಲಕ್ಕೆ ಒಗ್ಗದಿದ್ದರೆ ಏನಾಗುತ್ತದೆಂದು ಅಮೆರಿಕದ ವಾಯವ್ಯ ಮೂಲೆಯ ಚೇಂಬರ್ಸ್ ಬೇ ತೋರಿಸಿತು. ಹಳೆಯ ಮರಳು, ಜಲ್ಲಿ ಗಣಿಯ ಜಾಗದಲ್ಲಿ 2007ರಲ್ಲಿ ತೆರೆದ ಈ ಸಾರ್ವಜನಿಕ ಮೈದಾನದ ಗ್ರೀನ್‌ಗಳಿಗೆ ಸ್ಕಾಟ್ಲೆಂಡಿನ ಮಾದರಿಯಲ್ಲಿ ಫೆಸ್ಕ್ಯೂ ಹಾಕಿದ್ದರು. ಆ ಪ್ರದೇಶದಲ್ಲಿ ಕಳೆಯಂತೆ ನುಗ್ಗುವ ಪೋವಾ ಆನುವಾ ಹುಲ್ಲು ಅಲ್ಲಲ್ಲಿ ತಳವೂರಿತು. 2015ರಲ್ಲಿ ಯು.ಎಸ್. ಓಪನ್ ಬಂದಾಗ ಗ್ರೀನ್‌ಗಳು ಎಷ್ಟು ಗಂಟುಗಂಟಾಗಿದ್ದವೆಂದರೆ, ಸ್ವೀಡನ್ನಿನ ಆಟಗಾರ ಹೆನ್ರಿಕ್ ಸ್ಟೆನ್ಸನ್ ಅವನ್ನು ಬ್ರೊಕೊಲಿಗೆ ಹೋಲಿಸಿದ. ಕಡೆಗೆ ಮೈದಾನದವರು ಜಗಳ ನಿಲ್ಲಿಸಿ, ಗ್ರೀನ್‌ಗಳಿಗೆಲ್ಲ ಪೋವಾ ಆನುವಾವನ್ನೇ ಹಾಸಿದರು. ಓಕ್‌ಮಾಂಟ್‌ನ ಹೆಸರಾಂತ ಗ್ರೀನ್‌ಗಳೂ ಇದೇ ಹುಲ್ಲಿನವು.

ನವೀಕರಣವೆಂದರೆ ಬರೀ ಸೇರಿಸುವುದಲ್ಲ, ತೆಗೆಯುವುದೂ ಹೌದು. ಓಕ್‌ಮಾಂಟ್‌ನಲ್ಲಿ 20ನೇ ಶತಮಾನದ ನಡುವಿನಲ್ಲಿ ನೆಟ್ಟ ಮರಗಳು ಬೆಳೆದು ಗ್ರೀನ್‌ಗಳಿಗೆ ಬಿಸಿಲು, ಗಾಳಿ ತಪ್ಪಿಸುತ್ತಿದ್ದವು. ಸದಸ್ಯರ ವಿರೋಧಕ್ಕೆ ಅಂಜಿ 1990ರ ದಶಕದಲ್ಲಿ ಸಿಬ್ಬಂದಿ ಬೆಳಕು ಹರಿಯುವ ಮೊದಲೇ ಮರ ಉರುಳಿಸಿ, ಬುಡ ಕಿತ್ತು, ಹುಲ್ಲು ಹಾಸಿಬಿಡುತ್ತಿದ್ದರು. ಗುಟ್ಟು ರಟ್ಟಾದ ಮೇಲೆ ಕ್ಲಬ್ಬಿನಲ್ಲಿ ದೊಡ್ಡ ಜಗಳವೇ ಆಯಿತು, ಆದರೂ ಸಾವಿರಾರು ಮರಗಳು ಹೋದವು.

ಉತ್ತರ ಕ್ಯಾರೊಲಿನಾದ ಪೈನ್‌ಹರ್ಸ್ಟ್ ನಂ. 2 ಇನ್ನೂ ಪಾಠವಾಗುವಂಥದ್ದು. ಡೊನಾಲ್ಡ್ ರಾಸ್ 1907ರಲ್ಲಿ ರೂಪಿಸಿದ ಈ ಮೈದಾನದಲ್ಲಿ 1930ರ ದಶಕದ ಮಧ್ಯದವರೆಗೆ ಹುಲ್ಲಿನ ಗ್ರೀನ್‌ಗಳೇ ಇರಲಿಲ್ಲ. ಮರಳಿನ ಹಾಸಿನ ಮೇಲೆ ಪಟ್ ಮಾಡುತ್ತಿದ್ದರು. ನೀರಿಲ್ಲದ ನಾಡುಗಳಲ್ಲಿ ಇಂಥ ಹಾಸುಗಳಿಗೆ ‘ಬ್ರೌನ್’ ಎಂಬ ಹೆಸರೇ ಇದೆ. ಕಾಲಾಂತರದಲ್ಲಿ ಪೈನ್‌ಹರ್ಸ್ಟ್ ಅಂಚಿನಿಂದ ಅಂಚಿಗೆ ಹಸಿರಾಯಿತು. 2010–11ರಲ್ಲಿ ವಿನ್ಯಾಸಕಾರರಾದ ಬಿಲ್ ಕೋರ್ ಮತ್ತು ಬೆನ್ ಕ್ರೆನ್‌ಶಾ ಮೂವತ್ತಕ್ಕೂ ಹೆಚ್ಚು ಎಕರೆ ಹುಲ್ಲನ್ನು ಕಿತ್ತು ಮರಳು, ಕಾಡುಹುಲ್ಲುಗಳನ್ನು ಮರಳಿಸಿದರು. ಸಾವಿರಕ್ಕೂ ಮಿಕ್ಕಿದ್ದ ನೀರಿನ ಸ್ಪ್ರಿಂಕ್ಲರ್‌ಗಳು ಅರ್ಧಕ್ಕಿಂತ ಕಡಿಮೆಯಾದವು. 2014ರಲ್ಲಿ ಪುರುಷರ, ಮಹಿಳೆಯರ ಯು.ಎಸ್. ಓಪನ್‌ಗಳು ಬೆನ್ನುಬೆನ್ನಿಗೆ ಅಲ್ಲೇ ನಡೆದವು. ಅವು ಮುಗಿದ ಮೇಲೆ ಬಿಸಿಲಿಗೆ ಬಳಲುತ್ತಿದ್ದ ಬೆಂಟ್ ಹುಲ್ಲನ್ನು ತೆಗೆದು, ಗ್ರೀನ್‌ಗಳಿಗೆ ಬರ್ಮುಡಾದ ಕುಬ್ಜ ತಳಿ ಹಾಕಲಾಯಿತು.

ಭಾರತದಲ್ಲಿ ಈ ಆಟ ಹಳೆಯದು: ರಾಯಲ್ ಕಲ್ಕತ್ತಾ ಕ್ಲಬ್ 1829ರದು, ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಇಲ್ಲಿನ ಬಯಲುಸೀಮೆಯ ಗ್ರೀನ್‌ಗಳಲ್ಲಿ ಬರ್ಮುಡಾದ್ದೇ ದರ್ಬಾರು, ಆದರೆ ಊರೂರಿಗೆ ಕಷ್ಟ ಬೇರೆ. ದಿಲ್ಲಿಯ ಚಳಿಯಲ್ಲಿ ಹುಲ್ಲು ನಿದ್ದೆಗೆ ಜಾರುತ್ತದೆ. ಬೆಂಗಳೂರಿನಲ್ಲಿ ಅಂಥ ಚಳಿಯಿಲ್ಲ. ಇಲ್ಲಿ ಪರೀಕ್ಷೆ ಮುಂಗಾರಿನದು. ವಾರಗಟ್ಟಲೆ ಮೋಡ ಕವಿದರೆ ಬಿಸಿಲಿಗೆ ಹಂಬಲಿಸುವ ಈ ಹುಲ್ಲು ಸೊರಗುತ್ತದೆ, ಒದ್ದೆ ನೆಲದಲ್ಲಿ ಶಿಲೀಂಧ್ರ ಮತ್ತು ಪಾಚಿ ಏಳುತ್ತವೆ. ಆಗ ಅಲಗನ್ನು ಅರ್ಧ ಮಿಲಿಮೀಟರ್ ಎತ್ತರಿಸುವುದು ಯಾವ ಔಷಧಿಗಿಂತಲೂ ಒಳ್ಳೆಯ ಚಿಕಿತ್ಸೆ. ಆದರೆ ಎತ್ತರಿಸಿದರೆ ವೇಗ ತಗ್ಗುತ್ತದೆ, ವೇಗ ತಗ್ಗಿದರೆ ಕಚೇರಿಗೆ ದೂರು ಬರುತ್ತದೆ.

ಅಮೆರಿಕದ ಗಾಲ್ಫ್ ವಿನ್ಯಾಸಕಾರರ ಸಂಘ ಒಂದು ಗ್ರೀನಿನ ಆಯುಷ್ಯವನ್ನು 15ರಿಂದ 30 ವರ್ಷ, ಬಂಕರ್ ಎಂಬ ಮರಳುಗುಂಡಿಯ ಮರಳಿನದನ್ನು 5ರಿಂದ 7 ವರ್ಷ ಎಂದು ಅಂದಾಜಿಸುತ್ತದೆ. ಈ ಹದಿನೈದಕ್ಕೂ ಮೂವತ್ತಕ್ಕೂ ನಡುವಿನ ಅಂತರದಲ್ಲಿ ಆಟಗಾರನ ಪಾಲೂ ಇದೆ. ಎತ್ತರದಿಂದ ಬಿದ್ದ ಚೆಂಡು ಮಾಡಿದ ಗುಂಡಿಯನ್ನು ಆಗಲೇ ಸರಿಪಡಿಸಿದರೆ ಕೆಲ ದಿನಗಳಲ್ಲಿ ಮಾಯುತ್ತದೆ, ಬಿಟ್ಟರೆ ವಾರಗಟ್ಟಲೆ ಕಲೆಯಾಗಿ ಉಳಿಯುತ್ತದೆ. ಹೆಚ್ಚಿನವರು ಕವಲುಮೊಳೆಯನ್ನು ಚುಚ್ಚಿ ಗುಂಡಿಯ ತಳವನ್ನು ಮೇಲಕ್ಕೆ ಎಬ್ಬಿಸುತ್ತಾರೆ; ಅದರಿಂದ ಬೇರು ಹರಿಯುತ್ತದೆ. ಗುಂಡಿಯ ಅಂಚಿನಲ್ಲಿ ಚುಚ್ಚಿ, ಸುತ್ತಲಿನ ಹುಲ್ಲನ್ನು ನಡುವಿಗೆ ತಳ್ಳಿ, ಪಟರ್‌ನಿಂದ ಮೆಲ್ಲಗೆ ತಟ್ಟಬೇಕು. 2019ರ ಜನವರಿಯಿಂದ ಜಾರಿಗೆ ಬಂದ ನಿಯಮಗಳು ಚೆಂಡಿನ ಗುಂಡಿಯನ್ನಷ್ಟೇ ಅಲ್ಲ, ಬೂಟಿನ ಗೀರುಗಳನ್ನೂ ಪಟ್ ಮಾಡುವ ಮೊದಲೇ ಸರಿಪಡಿಸಲು ಆಟಗಾರರಿಗೆ ಅವಕಾಶ ಕೊಟ್ಟಿವೆ.